ಸಹಮ್‌ನ ಮದುವೆಯಲ್ಲಿ ಮುರಿದ ರೈಫಲ್

ಕೋವಿಡ್ ಇಳಿದ ಮರುವರ್ಷ ನಾನು ಮಸ್ಕತ್‌ನ ಖುರುಮ್‌ನಲ್ಲಿ ಒಂದು ಆನ್‌ಲೈನ್ ಹರಾಜು ಕಂಪನಿಯ ಆಪರೇಷನ್ಸ್ ಮ್ಯಾನೇಜರ್ ಆಗಿದ್ದೆ. ಹೆಸರು ದೊಡ್ಡದು. ಕೆಲಸವೆಂದರೆ ಒಬ್ಬರು ಬಳಸಿ ಬಿಟ್ಟ ವಸ್ತುವನ್ನು ಇನ್ನೊಬ್ಬರು ಮುಟ್ಟಿ ನೋಡದೆಯೇ ಕೊಳ್ಳುವಂತೆ ಮಾಡುವುದು. ಹಳೆ ಕಾರು, ಕೈಗಡಿಯಾರ, ಬೆಳ್ಳಿ ಹಿಡಿಯ ಖಂಜರ್ ಕಠಾರಿ ಎಲ್ಲವೂ ಇದ್ದವು. ಆದರೆ ನಮ್ಮ ಆ್ಯಪ್‌ಗೆ ನಾಲ್ಕು ಜನರಲ್ಲಿ ಮರ್ಯಾದೆ ತಂದದ್ದು ಹಳೆಯ ಮಾರ್ಟಿನಿ ರೈಫಲ್‌ಗಳು.

ರೈಫಲ್ ಎಂದ ಕೂಡಲೇ ಹೆದರಬೇಡಿ. ನೂರು ವರ್ಷ ದಾಟಿದ ಈ ಬಂದೂಕುಗಳು ಒಮಾನಿನಲ್ಲಿ ಹೆಚ್ಚಾಗಿ ಈದ್‌ಗೂ ಮದುವೆಗೂ ಹೊರಗೆ ಬರುತ್ತವೆ. ಗಂಡಸರು ಸಾಲಾಗಿ ನಿಂತು ಹಾಡುತ್ತ, ರೈಫಲನ್ನು ಮೇಲಕ್ಕೆಸೆದು ಹಿಡಿಯುತ್ತಾರೆ. ಹಿಡಿಯುವವನ ಕೈ ತಪ್ಪಿದರೆ ಮನೆತನದ ಮಾನವೇ ನೆಲಕ್ಕೆ ಬಿದ್ದಂತೆ. ಇವನ್ನು ಇಟ್ಟುಕೊಳ್ಳಲು ಪರವಾನಗಿ ಬೇಕು. ಮಾರುವವರೂ ಕೊಳ್ಳುವವರೂ ಪೊಲೀಸ್ ಠಾಣೆಗೆ ಹೋಗಿ ಪರವಾನಗಿ ಬದಲಿಸಿಕೊಂಡ ಮೇಲೆಯೇ ವ್ಯವಹಾರ ಖಲಾಸ್. ಹಾಗಾಗಿ ರೈಫಲ್ ಯಾರದು ಎಂಬುದರಲ್ಲಿ ಮೋಸವಿರಲಿಲ್ಲ. ರೈಫಲ್ ಹೇಗಿದೆ ಎಂಬುದಕ್ಕೆ ಮಾತ್ರ ನಮ್ಮ ಮಾತೇ ಆಧಾರ. ಆ ಮಾತಿಗೆ ನಾವು ಕಂಡಿಷನ್ ರಿಪೋರ್ಟ್ ಎನ್ನುತ್ತಿದ್ದೆವು: ಯಾವ ಭಾಗ ಮೂಲದ್ದು, ಯಾವುದು ರಿಪೇರಿಯಾದದ್ದು, ಎಲ್ಲಿ ಬಿರುಕಿದೆ ಎಂಬ ವರದಿ.

ರೈಫಲ್‌ಗಳು ನಮ್ಮ ಆಫೀಸಿಗೆ ಬರುತ್ತಿರಲಿಲ್ಲ. ಒಳನಾಡಿನ ಇಬ್ರಾ ಊರಿನಲ್ಲಿ, ಲೈಸೆನ್ಸ್ ಇದ್ದ ಒಂದು ಅಂಗಡಿಯಲ್ಲಿ ಇರುತ್ತಿದ್ದವು. ಅಲ್ಲಿ ಅವನ್ನು ಬಿಚ್ಚಿ, ನೋಡಿ, ಫೋಟೊ ತೆಗೆದು ರಿಪೋರ್ಟ್ ಕಳಿಸುತ್ತಿದ್ದವರು ಕಾರ್ಕಳ ಕಡೆಯ ಭಾಸ್ಕರಣ್ಣ. ಮೂಲತಃ ಮರಗೆಲಸದವರು. ಅರವತ್ತು ದಾಟಿತ್ತು. ನಾನು ಒಮಾನಿಗೆ ಬಂದ ಹೊಸತರಲ್ಲಿ ತಿಂಗಳುಗಟ್ಟಲೆ ಅವರ ಕೋಣೆಯಲ್ಲೇ ಮಲಗಿದ್ದೆ, ಅವರು ಮಾಡಿದ ಬಂಗುಡೆ ಸಾರನ್ನೇ ಉಂಡಿದ್ದೆ. ನನಗೆ ಮೊದಲ ಕೆಲಸ ಹುಡುಕಿಕೊಟ್ಟವರೂ ಅವರೇ. ನಾವಿಬ್ಬರೂ ಮಾತಾಡುವುದು ತುಳುವಿನಲ್ಲಿ. ಇಲ್ಲಿ ಓದುವವರಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆ ವರ್ಷ ಚಳಿ ಶುರುವಾಗುವಾಗ ಇಬ್ರಾದ ನಿವೃತ್ತ ಶಾಲಾ ಮೇಷ್ಟ್ರು ಸೈಫ್ ತಮ್ಮ ಅಜ್ಜನ ರೈಫಲನ್ನು ಹರಾಜಿಗೆ ಕೊಟ್ಟರು. ಊರೆಲ್ಲ ಅವರನ್ನು ಉಸ್ತಾದ್ ಎನ್ನುತ್ತಿತ್ತು, ನಾನೂ ಹಾಗೆಯೇ ಕರೆಯುತ್ತಿದ್ದೆ. ಮಕ್ಕಳಿಗೆ ಇದರಲ್ಲಿ ಆಸಕ್ತಿಯಿಲ್ಲ, ಇದನ್ನು ಎತ್ತಿ ಹಿಡಿಯುವ ಮನೆ ಸೇರಲಿ ಎಂಬುದು ಅವರ ಆಸೆ. "ಇದರ ಮರ ಒಮ್ಮೆಯೂ ಮುರಿದಿಲ್ಲ. ನನ್ನ ಹೆಸರಿನಲ್ಲೇ ಬರೆಯಿರಿ" ಎಂದರು. ಭಾಸ್ಕರಣ್ಣನ ರಿಪೋರ್ಟೂ ಅದನ್ನೇ ಹೇಳಿತು: ಮೂಲ ಮರ, ರಿಪೇರಿ ಇಲ್ಲ. ಫೋಟೊದಲ್ಲಿ ಮರ ಕರಿಗೆಂಪಾಗಿ ಮಿಂಚುತ್ತಿತ್ತು. "ಭಾರೀ ಪಾಲಿಶ್ ಭಾಸ್ಕರಣ್ಣಾ, ನಿಮ್ಮನ್ನೇ ಹರಾಜಿಗೆ ಹಾಕಬಹುದು" ಎಂದು ನಾನು ಫೋನಿನಲ್ಲಿ ತಮಾಷೆ ಮಾಡಿದ್ದೆ. ಅವರು ನಗಲಿಲ್ಲ ಎಂಬುದು ಆಮೇಲೆ ಹೊಳೆಯಿತು.

ರೈಫಲ್ ಕೊಂಡವರು ಕರಾವಳಿಯ ಸಹಮ್‌ನ ತೋಟದ ಯಜಮಾನ ಖಮೀಸ್. ಮಗನ ಮದುವೆ ಹತ್ತಿರವಿತ್ತು. ಮದುವೆಯ ಸಂಜೆ, ಸಾಲಿನ ನಡುವೆ ನಿಂತು ಸ್ವತಃ ಖಮೀಸರೇ ರೈಫಲನ್ನು ಎಸೆದು ಹಿಡಿದರು. ಹಿಡಿದ ಏಟಿಗೆ ಹಿಂತುದಿಯ ಮರದ ಬಟ್, ಕೈಯಲ್ಲಿ ಹಿಡಿಯುವ ಸಪೂರ ಕತ್ತಿನ ಹತ್ತಿರ ಮುರಿದು ಅವರ ಮುಷ್ಟಿಯಲ್ಲೇ ಉಳಿಯಿತು. ಕಬ್ಬಿಣದ ನಳಿಗೆ ಬೀಗರ ಕಾಲಬುಡದಲ್ಲಿ ಬಿತ್ತು. ಯಾರಿಗೂ ಗಾಯವಾಗಲಿಲ್ಲ. ಆದರೆ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರಂತೆ. ಖಮೀಸ್ ಮರುದಿನ ನನಗೆ ಫೋನ್ ಮಾಡಿದಾಗ ಅವರ ಸಿಟ್ಟೆಲ್ಲ ಆ ನಗುವಿನ ಮೇಲಿತ್ತು. ಮುರಿದ ಜಾಗದಲ್ಲಿ ಅಂಟು ಕಾಣುತ್ತಿದೆ, ಆ ಮೇಷ್ಟ್ರು ಸುಳ್ಳುಗಾರ ಎಂದರು.

ನಾನು ಮಾಡಿದ್ದಿಷ್ಟು. ಮೊದಲು ಭಾಸ್ಕರಣ್ಣನಿಗೆ ಫೋನ್ ಮಾಡಿದೆ.

"ನೀವು ನೋಡುವಾಗ ಸರಿ ಇತ್ತಲ್ಲ?"

"ಸರಿಯೇ ಇತ್ತು ಮಾರಾಯಾ. ಮರದ ಒಳಗೆ ಎಂತ ಉಂಟು ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

ಅಷ್ಟು ಸಾಕಾಯಿತು ನನಗೆ. ಉಸ್ತಾದರನ್ನು ಒಂದು ಮಾತೂ ಕೇಳದೆ ಅವರ ಪ್ರೊಫೈಲಿನ ಮೇಲೆ ಕೆಂಪು ಪಟ್ಟಿ ಹಾಕಿಸಿದೆ. 'ಈ ಮಾರಾಟಗಾರರು ನೀಡಿದ ಮಾಹಿತಿ ಸುಳ್ಳೆಂದು ದೂರು ಬಂದಿದೆ' ಎಂಬ ಸಾಲು ಅದು. ಆ್ಯಪ್ ತೆರೆದವರಿಗೆಲ್ಲ ಕಾಣುತ್ತದೆ. ದೂರು ಬಂದಾಗ ಹೀಗೆ ಮಾಡುವುದು ಕಂಪನಿಯ ರೂಢಿಯೇ. ಆದರೆ ದೂರು ಭಾಸ್ಕರಣ್ಣನ ಮೇಲೆ ಬಂದಿದ್ದರೆ ನಾನು ಹತ್ತು ಸಲ ಯೋಚಿಸುತ್ತಿದ್ದೆ.

ಉಸ್ತಾದ್ ಫೋನ್ ಮಾಡಿದರು. ಕೂಗಾಡಲಿಲ್ಲ. "ಮುರಿದದ್ದನ್ನು ನಾನು ನೋಡಬೇಕು. ಸಹಮ್‌ಗೆ ಹೋಗೋಣ. ನಿಮ್ಮ ಪರಿಣತರನ್ನೂ ಕರೆದುಕೊಂಡು ಬನ್ನಿ" ಎಂದರು. ಮರುವಾರ ಅವರು ತಮ್ಮ ಕಾರಿನಲ್ಲಿ ನೇರವಾಗಿ ಸಹಮ್‌ಗೆ ಬಂದರು. ಭಾಸ್ಕರಣ್ಣ ಮುನ್ನಾದಿನವೇ ಬಸ್ಸಿನಲ್ಲಿ ನನ್ನ ಮನೆಗೆ ಬಂದಿದ್ದರು. ನನ್ನ ಹೆಂಡತಿ ಮಾಡಿದ ನೀರುದೋಸೆಯಲ್ಲಿ ಒಂದನ್ನಷ್ಟೇ ತಿಂದು ತಟ್ಟೆ ಸರಿಸಿದರು. ವಯಸ್ಸಾಯಿತು, ಪ್ರಯಾಣದ ಆಯಾಸ ಎಂದುಕೊಂಡೆ.

ಖಮೀಸರ ಮಜ್ಲಿಸ್, ಅಂದರೆ ಅತಿಥಿಗಳನ್ನು ಕೂರಿಸುವ ಕೋಣೆ, ತೋಟದ ಮುಂದೆಯೇ ಇತ್ತು. ಸಿಟ್ಟಿದ್ದರೂ ಉಪಚಾರಕ್ಕೆ ಕಡಿಮೆಯಿರಲಿಲ್ಲ. ಖರ್ಜೂರ ಬಂತು, ಕಾಫಿ ಬಂತು. ಉಸ್ತಾದ್ ಪುಟ್ಟ ಬಟ್ಟಲನ್ನು ತೆಗೆದುಕೊಂಡು ಕುಡಿಯದೆ ಕೆಳಗಿಟ್ಟರು. ಏನನ್ನಾದರೂ ಕೇಳಿಕೊಂಡು ಬಂದ ಅತಿಥಿ, ಅದು ಈಡೇರುವ ತನಕ ಕಾಫಿ ಮುಟ್ಟದಿರುವ ಪದ್ಧತಿ ಇಲ್ಲಿದೆ. ಮನೆಯವನಿಗೆ ಅದಕ್ಕಿಂತ ದೊಡ್ಡ ಇಕ್ಕಟ್ಟಿಲ್ಲ. ಭಾಸ್ಕರಣ್ಣ ಮಾತ್ರ ಗಡಿಬಿಡಿಯಲ್ಲಿ ಕುಡಿದರು. ಸಾಕು ಎನ್ನಲು ಬಟ್ಟಲನ್ನು ಅಲ್ಲಾಡಿಸಬೇಕು, ಅದೂ ಮರೆತುಹೋಗಿ ಮತ್ತೆ ಮತ್ತೆ ತುಂಬಿಸಿಕೊಂಡರು.

"ನಿಮಗೆ ಏನು ಬೇಕು?" ಎಂದು ಖಮೀಸ್ ಬಟ್ಟಲನ್ನು ನೋಡುತ್ತ ಕೇಳಿದರು.

"ನಾನು ಸುಳ್ಳು ಹೇಳಿಲ್ಲ ಎಂದು ನೀವು ಹೇಳಬೇಕು. ಹಣದ ಮಾತು ಬೇಡ" ಎಂದರು ಉಸ್ತಾದ್.

ಖಮೀಸ್ ಮುರಿದ ಬಟ್ ತರಿಸಿ ನನ್ನ ಕೈಗಿಟ್ಟರು. ಮುರಿದ ಜಾಗದಲ್ಲಿ ಅಂಟು ಇತ್ತು. ಅಂಟಿನ ಸುತ್ತ ಮರದ ಎಳೆಗಳ ಒಳಗೆಲ್ಲ ಕಪ್ಪಾದ ಎಣ್ಣೆ ಇಳಿದಿತ್ತು. ಮೂಗಿನ ಹತ್ತಿರ ತಂದೆ. ಆ ಖಾರವಾದ ಘಾಟು ನನಗೆ ಚೆನ್ನಾಗಿ ಗೊತ್ತು. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಗೇರೆಣ್ಣೆ. ನಮ್ಮ ಕಡೆ ಮಾಡಿನ ಪಕ್ಕಾಸಿಗೆ, ಅಂದರೆ ಚಾವಣಿಯ ಮರಪಟ್ಟಿಗಳಿಗೆ, ಗೆದ್ದಲು ಹಿಡಿಯದಿರಲಿ ಎಂದು ಬಳಿಯುತ್ತಾರೆ. ಹಚ್ಚಿದರೆ ಹೊಸ ಮರವೂ ಹಳತಾಗಿ ಕಾಣುತ್ತದೆ. ಉಸ್ತಾದರ ಅಜ್ಜನಿಗೆ ಇಬ್ರಾದಲ್ಲಿ ಗೇರೆಣ್ಣೆ ಎಲ್ಲಿಂದ ಬರಬೇಕು? ಪ್ರತಿ ರಜೆಯಲ್ಲೂ ಊರಿನಿಂದ ಬಾಟಲಿ ತರುತ್ತಿದ್ದವರು ನನಗೆ ಒಬ್ಬರೇ ಗೊತ್ತು. ಅವರು ನನ್ನ ಪಕ್ಕದಲ್ಲೇ ಕೂತಿದ್ದರು.

ನಾನು ಭಾಸ್ಕರಣ್ಣನ ಮುಖ ನೋಡಿದೆ. ಅವರು ಖರ್ಜೂರದ ತಟ್ಟೆ ನೋಡುತ್ತಿದ್ದರು.

"ನಿಮ್ಮ ಪರಿಣತರು ಏನೆನ್ನುತ್ತಾರೆ?" ಎಂದು ಖಮೀಸ್ ಕೇಳಿದರು. ಭಾಸ್ಕರಣ್ಣನ ಅರಬ್ಬಿ ಅಂಗಡಿಯ ಮಟ್ಟಿನದು, ಭಾಷಾಂತರಿಸಬೇಕಾದವನು ನಾನು. ಅವರು ತಲೆಯೆತ್ತದೆ ತುಳುವಿನಲ್ಲಿ ಹೇಳಿದರು: "ಅದು ಹಳೇ ರಿಪೇರಿ ಅಂತ ಹೇಳು. ಅವರ ಅಜ್ಜನ ಕಾಲದ್ದು, ಅವರಿಗೇ ಗೊತ್ತಿಲ್ಲ ಅಂತ ಹೇಳು. ಯಾರಿಗೂ ತೊಂದರೆ ಇಲ್ಲ. ನನ್ನ ವೀಸಾ ಹೋದ್ರೆ ಈ ಪ್ರಾಯದಲ್ಲಿ ನಾನು ಎಲ್ಲಿಗೆ ಹೋಗ್ಲಿ?"

ಅವರ ಉಪಾಯ ಕೆಟ್ಟದ್ದೇನಲ್ಲ. ಉಸ್ತಾದರ ಮರ್ಯಾದೆಯೂ ಮುಕ್ಕಾಲು ಪಾಲು ಉಳಿಯುತ್ತಿತ್ತು. ಆದರೆ ಉಸ್ತಾದ್ ಒಮ್ಮೆಯೂ ಮುರಿದಿಲ್ಲ ಎಂದು ತಮ್ಮ ಹೆಸರನ್ನೇ ಪಣಕ್ಕಿಟ್ಟು ಹೇಳಿದ್ದರು, ಅವರ ಕಾಫಿ ತಣ್ಣಗಾಗುತ್ತಿತ್ತು. ಇಷ್ಟು ದಿನ ಅವರನ್ನು ಸಂಶಯಿಸಿದ ನನಗೆ ಆಗಲೇ ನಾಚಿಕೆಯಾಗಿತ್ತು. ಅರಬ್ಬಿಯಲ್ಲಿ ಹೇಳಿದೆ: "ಇದು ಹಳೆಯ ರಿಪೇರಿ ಎಂದು ನಿಮಗೆ ಹೇಳುವಂತೆ ಇವರು ನನ್ನನ್ನು ಕೇಳುತ್ತಿದ್ದಾರೆ. ಆದರೆ ಇದಕ್ಕೆ ಹಚ್ಚಿದ ಎಣ್ಣೆ ನಮ್ಮ ಊರಿನದು. ಇಬ್ರಾದಲ್ಲಿ ಅದು ಇವರ ಬಳಿ ಮಾತ್ರ ಇದೆ."

ಭಾಸ್ಕರಣ್ಣನಿಗೆ ಅಷ್ಟು ಅರಬ್ಬಿ ಅರ್ಥವಾಗುತ್ತಿತ್ತು. ಎರಡೂ ಕೈ ಜೋಡಿಸಿದರು. "ಬಿತ್ತು. ಸ್ಕ್ರೂ ಬಿಚ್ಚುವಾಗ ನನ್ನ ಕೈಯಿಂದ ಬಿತ್ತು, ಮುರಿಯಿತು. ನಾನೇ ಅಂಟಿಸಿದೆ" ಎಂದು ಹರಕು ಅರಬ್ಬಿಯಲ್ಲಿ ಹೇಳಿದರು.

ಖಮೀಸ್ ಎದ್ದು ಹೋಗಿ ಉಸ್ತಾದರ ಹಣೆಗೆ ಮುತ್ತಿಟ್ಟು ಕ್ಷಮೆ ಕೇಳಿದರು. ಉಸ್ತಾದ್ ಬಟ್ಟಲು ಎತ್ತಿದರು. ನನ್ನ ಬಳಿ ಯಾರೂ ಒಂದು ಬಿರುಸು ಮಾತೂ ಆಡಲಿಲ್ಲ. ಆಡಿದ್ದರೆ ಹಗುರವಾಗುತ್ತಿತ್ತೇನೋ.

ಹಿಂತಿರುಗುವಾಗ ಭಾಸ್ಕರಣ್ಣ ನನ್ನ ಕಾರಿನಲ್ಲಿದ್ದರು. ಮಸ್ಕತ್ ಹತ್ತಿರವಾದಾಗ, "ನೀನು ಮೊದಲು ನನ್ನನ್ನೇ ಕೇಳಬಹುದಿತ್ತು" ಎಂದರು.

"ಕೇಳಿದ್ದೆನಲ್ಲ ಭಾಸ್ಕರಣ್ಣಾ, ಫೋನಿನಲ್ಲಿ."

"ಅದು ಕೇಳಿದ್ದಾ? ಸರಿ ಇತ್ತಲ್ಲ ಅಂತ ಉತ್ತರವನ್ನೂ ನೀನೇ ಕೊಟ್ಟಿದ್ದೆ. ಇಲ್ಲ ಅನ್ಲಿಕ್ಕೆ ನನಗೆ ಧೈರ್ಯ ಬರ್ಲಿಲ್ಲ."

ಅದು ನಿಜ. ಅಂಗಡಿಯ ಒಮಾನಿ ಮಾಲೀಕರು ಅವರ ವೀಸಾ ರದ್ದು ಮಾಡಲಿಲ್ಲ, ಪೀಠೋಪಕರಣಗಳ ಕೆಲಸಕ್ಕೆ ಹಾಕಿದರು. ನನಗೆ ಅವರ ಫೋನ್ ಬರುವುದು ನಿಂತುಹೋಯಿತು. ಖಮೀಸರಿಗೂ ಉಸ್ತಾದರಿಗೂ ಆದ ನಷ್ಟವನ್ನು ಕಂಪನಿ ತುಂಬಿಕೊಟ್ಟಿತು. ಅದು ಸುಲಭದ ಭಾಗವಾಗಿತ್ತು.

ಕೆಂಪು ಪಟ್ಟಿ ತೆಗೆಸಿ, ಕ್ಷಮೆಯ ಸೂಚನೆ ಹಾಕಿಸಿ, ನಾನೇ ಇಬ್ರಾಕ್ಕೆ ಹೋದೆ. ಉಸ್ತಾದ್ ಊಟ ಹಾಕಿಸಿದರು. ಆಮೇಲೆ ಕೇಳಿದರು: "ನನ್ನ ಹೆಸರಿನ ಮೇಲೆ ನೀವು ಹಾಕಿದ ಆ ಸಾಲನ್ನು ಯಾರು ಯಾರು ಓದಿದರು?"

ಎಷ್ಟು ಜನ ಎಂದು ಸಿಸ್ಟಮ್ ಹೇಳುತ್ತದೆ, ಯಾರು ಎಂದು ಹೇಳುವುದಿಲ್ಲ ಎಂದೆ.

"ಸೂಕ್ ಪೇಟೆಯಲ್ಲಿ ನಿಂತು ನನ್ನನ್ನು ಸುಳ್ಳುಗಾರ ಎಂದಿದ್ದರೆ, ಕೇಳಿಸಿಕೊಂಡವರ ಮುಖ ನನಗೆ ಗೊತ್ತಿರುತ್ತಿತ್ತು. ಒಬ್ಬೊಬ್ಬರ ಮನೆಗೂ ಹೋಗಿ ಹೇಳುತ್ತಿದ್ದೆ. ಈಗ ಯಾರ ಮನೆಗೆ ಹೋಗಲಿ?"

ಆಮೇಲೆ ನಾವು ನಿಯಮ ಬದಲಿಸಿದೆವು. ಇಬ್ಬರ ಮಾತನ್ನೂ ಕೇಳದೆ ಯಾರ ಹೆಸರಿನ ಮೇಲೂ ಪಟ್ಟಿ ಬೀಳುವುದಿಲ್ಲ. ವಸ್ತುವನ್ನು ಬಿಚ್ಚಿದವರ ಹೆಸರು ರಿಪೋರ್ಟಿನಲ್ಲಿ ಇರಲೇಬೇಕು. ನನ್ನವರನ್ನು ಪ್ರಶ್ನಿಸುವಾಗ ಉತ್ತರವನ್ನು ನಾನೇ ಅವರ ಬಾಯಿಗಿಡಬಾರದು ಎಂಬುದನ್ನು ಈ ಕೆಲಸ ನನಗೆ ಕಲಿಸಿತು. ಕ್ಷಮೆಯ ಸೂಚನೆಯನ್ನು ತೆರೆದು ನೋಡಿದವರು ಬೆರಳೆಣಿಕೆಯಷ್ಟು. ಉಸ್ತಾದ್ ಇಂದಿಗೂ ಸೂಕ್‌ನಲ್ಲಿ ಎದುರಾದವರಿಗೆ ಸಲಾಮ್ ಹೇಳುವಾಗ, ಇವರು ಆ ಸಾಲನ್ನು ಓದಿದವರೋ ಅಲ್ಲವೋ ಎಂದು ಯೋಚಿಸುತ್ತಿರಬಹುದು. ಅದನ್ನು ನೆನೆದಾಗಲೆಲ್ಲ ನನಗೆ ತಲೆಯೆತ್ತಲು ನಾಚಿಕೆಯಾಗುತ್ತದೆ.