ದಾರದ ಇನ್ನೊಂದು ತುದಿ

ಹಡಗಲಿ ನಿಲ್ದಾಣದಲ್ಲಿ ಬಸ್ಸು ನಿಂತಾಗ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಮಲ್ಲಿಗೆ ಮೊಗ್ಗಿನ ವಾಸನೆ ಕಿಟಕಿಯಿಂದ ಬಂತು. ನನ್ನ ತೋರುಬೆರಳು ತಾನಾಗಿ ಮಡಚಿಕೊಂಡಿತು. ನೆನಪು ಅಷ್ಟಿಷ್ಟು ಸುಳ್ಳು ಸೇರಿಸುತ್ತದೆ, ಬೆರಳಿಗೆ ಆ ಜಾಣತನವಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವ್ವ ಕೆಲಸಕ್ಕೆಂದು ಕೂಡ್ಲಿಗಿಗೆ ಹೋದಳು. ಆಗಷ್ಟೇ ಹಾಲು ಬಿಟ್ಟಿದ್ದ ನನ್ನನ್ನು ಈ ಊರಿನಲ್ಲಿ ಅವಳ ಅಕ್ಕ, ನನ್ನ ದೊಡ್ಡವ್ವ, ಸಾಕಿದಳು. ಹೂ ಕಟ್ಟುವ ಹೆಂಗಸರೆಲ್ಲ ದಾರದ ತುದಿಯನ್ನು ತಮ್ಮ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡರೆ ದೊಡ್ಡವ್ವ ನನ್ನ ಬೆರಳಿಗೆ ಸಿಕ್ಕಿಸುತ್ತಿದ್ದಳು. ನಡುನಡುವೆ ಮೆಲ್ಲಗೆ ಎಳೆದು, “ಅದೀಯೇನಲೇ?” ಎನ್ನುವಳು. ನಾನೂ ಎಳೆಯುತ್ತಿದ್ದೆ. “ನಿನ್ನ ಕರು ಹಗ್ಗ ಹರ್ಕಂಡು ಎಲ್ಲಿಗೂ ಹೋಗಂಗಿಲ್ಲ ಬಿಡಬೇ,” ಎಂದು ನೆರೆಯವರು ನಗುತ್ತಿದ್ದರು.

ಹೈಸ್ಕೂಲಿಗೆ ಅವ್ವ ನನ್ನನ್ನು ಕೂಡ್ಲಿಗಿಗೆ ಕರೆದೊಯ್ದಳು. ಅಲ್ಲಿ ಯಾವ ಹುಡುಗಿ ನನ್ನೊಂದಿಗೆ ನಕ್ಕರೂ ಇವಳು ಯಾವಾಗ ಎದ್ದು ಹೋಗುತ್ತಾಳೋ ಎಂದೇ ನೋಡುತ್ತಿದ್ದೆ. ಅವ್ವ ಬರುವುದು ತಡವಾದರೆ ಊಟ ಮಾಡುತ್ತಿರಲಿಲ್ಲ, ಬಂದರೆ ತಲೆ ಎತ್ತುತ್ತಿರಲಿಲ್ಲ. ಒಂದು ಭಾನುವಾರ ಹೇಳದೆ ಕೇಳದೆ ಹಡಗಲಿಯ ಬಸ್ಸು ಹತ್ತಿದೆ. ದೊಡ್ಡವ್ವ ಹೂ ಕಟ್ಟುತ್ತಿದ್ದಳು. ಎದುರು ಕೂತು ಬೆರಳು ಚಾಚಿದೆ. ದಾರವನ್ನು ಕಿಟಕಿಯ ಸರಳಿಗೆ ಕಟ್ಟಿದ್ದಳು.

“ಬೆರಳು ತಗಿ.”

“ನಾ ಇಲ್ಲೇ ಇರ್ತೀನಿ ದೊಡ್ಡವ್ವ.”

“ನಾ ಹಿಡ್ಕಂಡ್ರ ನೀ ಎಂದೂ ನಿಮ್ಮವ್ವನ ಮಗಳಾಗಂಗಿಲ್ಲ. ಉಂಡು ಹೋಗು.”

ಪಕ್ಕದ ಮನೆಯಿಂದ ಅವ್ವನಿಗೆ ಫೋನು ಮಾಡಿ ಮಧ್ಯಾಹ್ನದ ಬಸ್ಸಿಗೆ ಹತ್ತಿಸಿದಳು. ಕೂಡ್ಲಿಗಿಯಲ್ಲಿ ಅವ್ವ ಕೈ ಚಾಚಿ ನಿಂತಿದ್ದಳು. ಆ ಕೈಗೆ ಚೀಲ ಕೊಟ್ಟು ಮುಂದೆ ನಡೆದೆ. ಬೇಸಿಗೆ ರಜೆ ಬರುವ ಮೊದಲೇ ದೊಡ್ಡವ್ವ ತೀರಿಕೊಂಡಳು.

ಎಷ್ಟೋ ವರ್ಷಗಳ ಮೇಲೆ, ಈಗ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅವ್ವನಿಗೆ ಮೊದಲ ಬಾರಿ ಆ ಸರಳಿನ ಮಾತು ಹೇಳಿದೆ.

“ಆ ಪಡಸಾಲ್ಯಾಗ ಕಿಟಕಿ ಎಲ್ಲಿತ್ತಲೇ? ದಾರ ಅಕ್ಕನ ಕಾಲಾಗೇ ಇತ್ತು. ಫೋನಿನ್ಯಾಗ ಅದನ್ನೇ ಹೇಳಿ ಅತ್ಲು. ಹುಡುಗಿ ಬೆರಳು ಚಾಚಿದ್ಲು, ನಾ ಕೊಡಲಿಲ್ಲ ಅಂತ.”

ಹೋಗಿ ನೋಡೋಣವೆಂದರೆ ಆ ಮನೆಯ ಜಾಗದಲ್ಲಿ ಈಗ ಅಂಗಡಿಯ ಶಟರ್ ಇದೆ. ಸರಳನ್ನು ನಾನೇ ಕಲ್ಪಿಸಿಕೊಂಡಿರಬೇಕು, ಅವಳ ಕಾಲಿಗಿಂತ ಕಬ್ಬಿಣದ ಮೇಲೆ ಸಿಟ್ಟಾಗುವುದು ಸುಲಭವೆಂದು. ಬಸ್ಸು ಹೊರಟಿತು. ಅವ್ವನ ಕೈ ಸೀಟಿನ ಮೇಲೆ ಅಂಗಾತ ಬಿದ್ದಿತ್ತು. ಅದರೊಳಗೆ ನನ್ನ ಬೆರಳಿಟ್ಟೆ. ಎಳೆಯಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಸುಮ್ಮನೆ ಹಿಡಿದುಕೊಂಡಳು.