ಸಮದ್ ಚಾಚಾ ಸಾಕಿದ ಶಹಜಾದಿ

ಜೇಡ ಸಾಕಿದವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿದ್ದಷ್ಟೇ ಅಲ್ಲ, ಅದರ ಜಾಡಿಯ ಪಕ್ಕದಲ್ಲೇ ಕೂತು ಬೊಂಬೆಗಳಿಗೆ ಕಣ್ಣು ಬರೆದಿದ್ದೇನೆ. ಚನ್ನಪಟ್ಟಣದ ಸಮದ್ ಚಾಚಾ ಅವರ ಬೊಂಬೆ ಕಾರ್ಖಾನೆ ಅಂದರೆ ದೊಡ್ಡದೇನಲ್ಲ, ಮನೆಯ ಮುಂದಿನ ಹಜಾರ, ಮರ ಕಡೆಯುವ ಎರಡು ಲೇತು, ಬಣ್ಣ ಹಾಕಲು ಒಂದು ಮೇಜು. ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ದಿನವಿಡೀ ನಿಂತು ಕಾಲು ಬಾತು, ಆ ಕೆಲಸ ಬಿಟ್ಟು ಬಂದ ನನ್ನನ್ನು ಮೇಜಿನ ಬಳಿ ಕೂರಿಸಿದವರು ಅವರ ಹೆಂಡತಿ ಮುನ್ನೀ ಚಾಚಿ. "ಸುಚಿತ್ರಾ, ಕೈ ನಡುಗ್ತದಾ?" ಎಂದು ಕೇಳಿದರು. ಇಲ್ಲ ಅಂದೆ. "ಹಂಗಾದ್ರೆ ಮೀಸೆ ಎಳಿ" ಎಂದು ಬ್ರಷ್ ಕೊಟ್ಟರು.

ಆ ಮನೆಯಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಅನ್ನುವುದು ತೀರ್ಮಾನವಾಗುತ್ತಿದ್ದುದೇ ಚಾಚಿಯ ಮೇಜಿನ ಮೇಲೆ. ಚಾಚಾ ಲೇತಿನಲ್ಲಿ ಕಡೆದು, ಅರಗು ಹಚ್ಚಿ, ಕೇದಗೆ ಗರಿಯಿಂದ ಮಿರಮಿರ ಮಿಂಚಿಸಿ ಕಳಿಸುವ ಬೊಂಬೆಗಳೆಲ್ಲ ಒಂದೇ ಮೈಯವು. ಚಾಚಿ ಮೀಸೆ ಎಳೆದರೆ ರಾಜ, ಬೊಟ್ಟಿಟ್ಟರೆ ರಾಣಿ. ಒಮ್ಮೊಮ್ಮೆ ಅವರ ಮನಸ್ಸಿಗೆ ಬಂದು ಎಲ್ಲವೂ ರಾಣಿಯರೇ ಆಗಿಬಿಡುತ್ತಿದ್ದವು. ವ್ಯಾಪಾರಿ ಬಂದು, "ಏನಮ್ಮ, ರಾಜರೆಲ್ಲ ಎಲ್ಲೋದ್ರು?" ಅಂದರೆ, "ಯುದ್ಧಕ್ಕೆ ಹೋಗವ್ರೆ, ಬತ್ತಾರೆ ಇರಿ" ಅನ್ನುತ್ತಿದ್ದರು. ಚಾಚಾ ಲೇತು ನಿಲ್ಲಿಸಿ ನಗುತ್ತಿದ್ದರು. ಅರಗಿನ ವಾಸನೆ ಎಲ್ಲಾದರೂ ಮೂಗಿಗೆ ಬಡಿದರೆ ಸಾಕು, ಇವತ್ತಿಗೂ ನನಗೆ ಆ ಹಜಾರವೇ ನೆನಪಾಗುತ್ತದೆ.

ಒಂದು ದಿನ ಬೊಂಬೆ ಕಡೆಯಲು ಕಬ್ಬಾಳಿನ ಕಡೆಯಿಂದ ಬಂದ ಆಲೆಮರದ ದಿಮ್ಮಿ ಸೀಳುವಾಗ ಅದರ ಪೊಟರೆಯಿಂದ ಜೇಡವೊಂದು ಕೆಳಗೆ ಬಿತ್ತು. ಇನ್ನೂ ಮರಿ. ಎಂಟಾಣೆಯಷ್ಟಗಲ, ಮೈಯೆಲ್ಲ ರೋಮ, ಕಾಲಿಗೆ ಬೂದು ಹಳದಿ ಪಟ್ಟೆ. ನಾನು ಕಿರುಚಿ ಚಪ್ಪಲಿ ಎತ್ತಿದೆ. ಚಾಚಿ ಓಡಿಬಂದು ಉಪ್ಪಿನಕಾಯಿಯ ಗಾಜಿನ ಜಾಡಿ ಬೋರಲು ಹಾಕಿ, "ಮಗೀನ ಹೊಡೀತಾರೇನೇ, ಪಾಪಿ!" ಎಂದು ನನಗೇ ಬೈದರು. ಮಕ್ಕಳಿಲ್ಲದ ಮನೆ ಅದು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಹೆರದವರಿಗೆ ಜೇಡ ಮುದ್ದಾದರೆ ಯಾರಪ್ಪನ ಗಂಟು ಹೋಯಿತು? ಚಾಚಿ ಜಾಡಿಯನ್ನು ಸುತ್ತ ತಿರುಗಿಸಿ ನೋಡಿ, "ಮೀಸೆ ಇಲ್ಲ, ಹೆಣ್ಣು" ಎಂದು ತೀರ್ಪು ಕೊಟ್ಟರು. ಶಹಜಾದಿ, ಅಂದರೆ ರಾಜಕುಮಾರಿ, ಎಂದು ಹೆಸರನ್ನೂ ಇಟ್ಟರು.

ಮರುವರ್ಷ ಚಾಚಿ ತೀರಿಕೊಂಡರು. ಎರಡು ದಿನದ ಜ್ವರ, ಅಷ್ಟೇ. ಚಾಚಾ ಅಳಲಿಲ್ಲ. ಬಂದವರಿಗೆಲ್ಲ ಅವರೇ ಕುರ್ಚಿ ಹಾಕಿದರು, ನೀರು ಕೊಟ್ಟರು. ನಾಲ್ಕು ದಿನ ಬಿಟ್ಟು ಲೇತಿಗೆ ಕೂತರು. ನಗುವುದನ್ನು ಮಾತ್ರ ಬಿಟ್ಟರು. ಮಾತು ಏನಿದ್ದರೂ ಜಾಡಿಯ ಜೊತೆ. "ಶಹಜಾದಿ, ಇವತ್ತು ಕರೆಂಟಿಲ್ಲ ಕಣವ್ವ." "ಶಹಜಾದಿ, ನಿಮ್ಮಮ್ಮ ಇದ್ದಿದ್ರೆ ಈ ಕೆಂಪು ಒಪ್ತಿರ್ಲಿಲ್ಲ." ಜಿರಲೆ ಹಿಡಿದು ತರುವುದೂ ಅವರೇ. ಈ ಮನುಷ್ಯನಿಗೆ ತಲೆ ಕೆಟ್ಟಿದೆ ಎಂದು ಬೀದಿಯವರು ಆಡಿಕೊಂಡರು. ನನಗೆ ಉರಿದುಹೋಗಿ ಒಬ್ಬಿಬ್ಬರಿಗೆ ಚೆನ್ನಾಗಿ ಉಗಿದೆ.

ಜೇಡ ಬೆಳೆದು ಅಂಗೈಯಗಲವಾಯಿತು. ಬೆಳೆಯುವಾಗ ಆಗಾಗ ಹಾವಿನಂತೆ ಪೊರೆ ಬಿಡುತ್ತಿತ್ತು. ಬಿಟ್ಟ ಪೊರೆ ಥೇಟು ಇನ್ನೊಂದು ಜೇಡ. ಚಾಚಾ ಅದನ್ನು ಜೋಪಾನವಾಗಿ ತೆಗೆದು, ಹಾಳಾಗದಿರಲೆಂದು ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು ಬಳಿದು, ಕಪಾಟಿನಲ್ಲಿ ಚಾಚಿ ಬರೆದ ಕೊನೆಯ ರಾಣಿಯರ ಪಕ್ಕ ಸಾಲಾಗಿ ಇಡುತ್ತಿದ್ದರು. ಬೊಂಬೆ ಮಾಡುವವರಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಗೊತ್ತಿಲ್ಲ.

ನನ್ನ ತಮ್ಮ ಅಶೋಕ್ ರಾಮನಗರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಒಂದು ಸಂಜೆ ನನ್ನನ್ನು ಕರೆದೊಯ್ಯಲು ಬಂದವನು ಜಾಡಿಯ ಮುಂದೆ ಮಂಡಿಯೂರಿಬಿಟ್ಟ. "ಅಕ್ಕಾ, ಇದು ಟರಾಂಟುಲಾ ಕಣೇ! ಚಾಚಾ, ಇದು ಗಂಡೋ ಹೆಣ್ಣೋ?"

"ಹೆಣ್ಣು. ಮುನ್ನೀ ಹೇಳವ್ಳೆ" ಎಂದರು ಚಾಚಾ.

ಅವನ ಬಾಯಿ ಸುಮ್ಮನಿರಬಾರದೇ? "ಹೆಣ್ಣಾದ್ರೆ ಇನ್ನೂ ಹತ್ತು ವರ್ಷ ಇರ್ತದೆ. ಗಂಡಾದ್ರೆ ಕೊನೇ ಪೊರೆ ಬಿಟ್ಟ ಮೇಲೆ ವರ್ಷ ತುಂಬೋದೂ ಕಷ್ಟ" ಅಂದ. ಚಾಚಾ ಕೈಯಲ್ಲಿದ್ದ ಉಳಿ ಕೆಳಗಿಟ್ಟರು. ಹೆಂಡತಿಯನ್ನು ಕಳೆದುಕೊಂಡ ಮನೆಯಲ್ಲಿ ಅವರಿಗೆ ಉಳಿದ ಜೀವ ಇದೊಂದೇ ಎಂದು ನನಗೆ ಗೊತ್ತಿತ್ತು, ತಮ್ಮನಿಗೆ ಗೊತ್ತಿರಲಿಲ್ಲ. ತಿಳಿಯೋದು ಹೇಗೆ ಎಂದು ಚಾಚಾ ಕೇಳಿದರು. ಪೊರೆಯನ್ನು ನೆನೆಸಿ, ಹೊಟ್ಟೆಯ ಭಾಗ ಬಿಡಿಸಿ, ಒಳಮೈ ನೋಡಬೇಕು, ಅಲ್ಲಿ ಪುಟ್ಟ ಚೀಲದಂಥದ್ದು ಇದ್ದರೆ ಹೆಣ್ಣು, ಎಂದ ಅಶೋಕ್. ಚಾಚಾ ಎದ್ದು ಹೋಗಿ ಕಪಾಟಿನ ಪೊರೆಗಳನ್ನೆಲ್ಲ ತಂದು ಮೇಜಿನ ಮೇಲಿಟ್ಟರು. ಥಳಥಳ ಹೊಳೆಯುತ್ತಿದ್ದವು. ಒಳಗೂ ಹೊರಗೂ ಅರಗು ಕುಡಿದು ಕಲ್ಲಾಗಿದ್ದವು. ಸ್ಪಿರಿಟ್ಟಿನಲ್ಲಿ ನೆನೆಸಿ ಬಿಡಿಸಲು ಹೋದರೆ ಮೊದಲನೆಯದು ಪುಡಿಪುಡಿಯಾಯಿತು. ಎರಡನೆಯದೂ ಹಾಗೇ. ಉಳಿದವನ್ನು ಅಶೋಕ್ ಮುಟ್ಟದೆ ಪಕ್ಕಕ್ಕಿಟ್ಟ.

"ನಾನೇ ಮುಚ್ಬುಟ್ಟೆ" ಎಂದರು ಚಾಚಾ. "ಚೆಂದ ಕಾಣ್ಲಿ ಅಂತ ನಾನೇ ಮುಚ್ಬುಟ್ಟೆ."

ಇನ್ನು ಮುಂದಿನ ಪೊರೆಗೆ ಕಾಯಬೇಕು. ಅದು ಯಾವಾಗಲೋ ಏನೋ. ಚಾಚಾ ಕಡೆಯುವ ಬೊಂಬೆಗಳ ಕುತ್ತಿಗೆ ಸೊಟ್ಟಗಾಗತೊಡಗಿತು. ನಮ್ಮ ಕಡೆ ಗಂಡಾಗಲಿ ಎಂದು ಹರಕೆ ಹೊತ್ತವರನ್ನು ಬೇಕಾದಷ್ಟು ನೋಡಿದ್ದೇನೆ. ಹೆಣ್ಣಾಗಲಿ ಎಂದು ಐದು ಹೊತ್ತಿನ ನಮಾಜಿನಲ್ಲೂ ಬೇಡಿಕೊಂಡವರನ್ನು ಇವರೊಬ್ಬರನ್ನೇ ನೋಡಿದೆ. ನಾನೂ ಕಬ್ಬಾಳಮ್ಮನಿಗೆ ಒಂದು ಮಾತು ಹಾಕಿದೆ. ಜೇಡಕ್ಕಾಗಿ ಹರಕೆಯೇ ಎಂದು ತಾಯಿ ನಕ್ಕಿರಬೇಕು.

ಚಳಿಗಾಲ ಮುಗಿಯುವ ಹೊತ್ತಿಗೆ ಶಹಜಾದಿ ಊಟ ಬಿಟ್ಟಿತು. ಒಂದು ಬೆಳಗ್ಗೆ ನಾನು ಹೋದಾಗ ಚಾಚಾ ಬಾಗಿಲಲ್ಲೇ ನಿಂತಿದ್ದರು. "ಪೊರೆ ಬುಟ್ಟದೆ. ಅರಗು ಹಚ್ಚಿಲ್ಲ, ಮುಟ್ಟೂ ಇಲ್ಲ. ನೀನು ಒಸಿ ಬಂದು ನೋಡವ್ವ" ಎಂದರು. ನೋಡಿದೆ. ಪೊರೆ ಬಿಡಿಸುವ ಕೆಲಸವೇ ಇರಲಿಲ್ಲ. ಜೇಡದ ಕಾಲುಗಳು ಸಣ್ಣಗೆ ಉದ್ದವಾಗಿದ್ದವು. ಬಾಯಿಯ ಬಳಿಯ ಕುಳ್ಳ ಕೈಗಳ ತುದಿಯಲ್ಲಿ ಗುಂಡುಗುಂಡು ಗಂಟು, ನಾವು ಮಾಡುವ ಡೋಲಿನ ಬೊಂಬೆಯ ಕೋಲಿನಂತೆ. ಫೋಟೋ ತೆಗೆದು ತಮ್ಮನಿಗೆ ಕಳಿಸಿದೆ. ಅವನು ಫೋನ್ ಮಾಡಿ, "ಗಂಡು ಕಣಕ್ಕ. ಆ ಗಂಟೇ ಗುರುತು, ಅನುಮಾನವೇ ಇಲ್ಲ" ಅಂದ. ಸ್ಪೀಕರಿನಲ್ಲಿತ್ತು. ಚಾಚಾ ಕೇಳಿಸಿಕೊಂಡರು.

ಅವತ್ತಿನಿಂದ ಅದು ಜಾಡಿಯೊಳಗೆ ನಿಂತಲ್ಲಿ ನಿಲ್ಲಲಿಲ್ಲ. ಗಾಜು ಹತ್ತುವುದು, ಜಾರುವುದು, ಮತ್ತೆ ಹತ್ತುವುದು. ಹಸಿವೇ ಎಂದು ಚಾಚಾ ಕೇಳಿದ್ದಕ್ಕೆ ಅಶೋಕ್ ಫೋನಿನಲ್ಲಿ, "ಹಸಿವಲ್ಲ ಚಾಚಾ, ಹೆಣ್ಣು ಹುಡುಕ್ತಾ ಐತೆ. ಗಂಡು ವಯಸ್ಸಿಗೆ ಬಂದ್ರೆ ಅದೇ ಕೆಲಸ" ಅಂದ. ಚಾಚಾ ಮೂರು ದಿನ ಲೇತು ಬಿಟ್ಟು ಜಾಡಿಯ ಮುಂದೆಯೇ ಕೂತರು. ನಾಲ್ಕನೆಯ ದಿನ ಜಾಡಿಯನ್ನು ಚೀಲದಲ್ಲಿಟ್ಟುಕೊಂಡು, "ಸುಚಿತ್ರಾ, ಕಬ್ಬಾಳಿಗೆ ಹೋಗಿ ಬರಮ, ಬತ್ತೀಯಾ?" ಎಂದರು.

"ಚಾಚಾ, ಇರೋದೇ ಒಂದು ವರ್ಷ. ನಿಮ್ಮ ಹತ್ರಾನೇ ಇರ್ಲಿ ಬುಡಿ" ಅಂದೆ.

"ನನ್ ಹತ್ರ ಇದ್ರೆ ನಂಗೆ ಒಂದು ವರ್ಸ. ಅದಕ್ಕೆ ಏನೈತೆ ಇಲ್ಲಿ?" ಎಂದರು.

ದಿಮ್ಮಿ ಬಂದಿದ್ದ ಹೊಲದ ಬದುವಿನಲ್ಲಿ ಹಳೆಯ ಹುಣಸೆಮರ ಇತ್ತು, ಕಾಂಡದಲ್ಲಿ ಪೊಟರೆ. ಚಾಚಾ ಜಾಡಿಯ ಬಾಯನ್ನು ಪೊಟರೆಗೆ ಹಿಡಿದರು. ಅದು ಸ್ವಲ್ಪ ಹೊತ್ತು ಅಂಚಿನಲ್ಲೇ ಕೂತಿತ್ತು. "ಹೋಗವ್ವ" ಎಂದವರು ತಡವರಿಸಿ, "ಹೋಗಪ್ಪ" ಎಂದು ತಿದ್ದಿಕೊಂಡರು. ಸರಕ್ಕನೆ ತೊಗಟೆಯ ಮೇಲೆ ಏರಿ ಅದು ಪೊಟರೆಯ ಕತ್ತಲೊಳಗೆ ಹೋಯಿತು. ಒಂದು ಸಲ ತಿರುಗಿ ನೋಡಬಾರದಿತ್ತೇ ಎಂದು ಅದರ ಮೇಲೆ ನನಗೆ ಸಿಟ್ಟೇ ಬಂತು. ಬಿಸಿಲಲ್ಲಿ ಚಾಚಾ ಬಹಳ ಹೊತ್ತು ನಿಂತರು.

ವಾಪಸು ಬರುವ ಬಸ್ಸಿನಲ್ಲಿ ಖಾಲಿ ಜಾಡಿ ಅವರ ತೊಡೆಯ ಮೇಲಿತ್ತು. "ಮುನ್ನೀ ಕೇಳಿದ್ರೆ ಏನಂತ ಹೇಳ್ಳಿ? ಸಾಕ್ಕೋ ಅಂತ ಕೊಟ್ಟು ಹೋಗಿದ್ಲು, ಕಾಡಿಗೆ ಬುಟ್ಟು ಬಂದೆ ಅನ್ಲಾ?" ಎಂದರು.

"ಮಗನಿಗೆ ಹೆಣ್ಣು ನೋಡಕ್ಕೆ ಕಳಿಸ್ದೆ ಅನ್ನಿ" ಅಂದೆ ನಾನು, ಬಾಯಿಗೆ ಬಂದ ಹಾಗೆ.

ಚಾಚಾ ನನ್ನನ್ನೇ ನೋಡಿದರು. ಆಮೇಲೆ ನಕ್ಕರು. ಚಾಚಿ ಹೋದ ಮೇಲೆ ಅವರು ನಕ್ಕಿದ್ದು ಅವತ್ತೇ. ಭುಜ ಕುಣಿಯುವಂತೆ ನಕ್ಕರು. ಕಂಡಕ್ಟರೂ ತಿರುಗಿ ನೋಡಿದ. ಆ ನಗು ಯಾವಾಗ ಅಳುವಾಯಿತೋ ನನಗೆ ತಿಳಿಯಲಿಲ್ಲ. ಹೆಂಡತಿಯನ್ನು ಮಣ್ಣು ಮಾಡಿ ಬಂದು ಎಲ್ಲರಿಗೂ ನೀರು ಕೊಟ್ಟಿದ್ದ ಮನುಷ್ಯ, ಚನ್ನಪಟ್ಟಣ ಬರುವವರೆಗೂ ಬಸ್ಸಿನಲ್ಲಿ ಜನರ ಮಧ್ಯೆ "ಮುನ್ನೀ, ಮುನ್ನೀ" ಎಂದು ಅತ್ತರು. ನಾನು ಸುಮ್ಮನಿರಿ ಅನ್ನಲಿಲ್ಲ.