ನಿದ್ದೆ ಇಲ್ಲ ಎಂದವರ ಕೀ ಮೊದಲು

ಸೂರ್ಯ ಇನ್ನೂ ತೆಂಗಿನ ತಲೆ ದಾಟಿಲ್ಲ. ಉಡುಪಿಯ ಖಾಸಗಿ ಆಸ್ಪತ್ರೆಯೊಂದರ ಹಿತ್ತಲಿನಲ್ಲಿ ಸಿಬ್ಬಂದಿಯ ಬೈಕು, ಸ್ಕೂಟರ್ ನಿಲ್ಲಿಸುವ ತಗಡಿನ ಶೆಡ್ ಇದೆ. ಅದರ ಬಾಯಲ್ಲಿ ನೀಲಿ ಸಮವಸ್ತ್ರದ, ಕುಳ್ಳಗಿನ ಹೆಂಗಸೊಬ್ಬರು ಅಂಗೈ ಚಾಚಿ ನಿಂತಿದ್ದಾರೆ. ರಾತ್ರಿಪಾಳಿ ಮುಗಿಸಿ ಹೊರಬರುವವರು ಒಬ್ಬೊಬ್ಬರಾಗಿ ಆ ಅಂಗೈಗೆ ತಮ್ಮ ಗಾಡಿಯ ಕೀ ಹಾಕುತ್ತಾರೆ. ಕೀ ಅಂಗಿಯ ದೊಡ್ಡ ಜೇಬಿಗೆ ಬೀಳುತ್ತದೆ. ಕೊಟ್ಟವರು ಗಾಡಿಯ ಕಡೆ ತಿರುಗಿಯೂ ನೋಡದೆ ಪಕ್ಕದ ಕೋಣೆಗೆ ಹೋಗಿ ಚಾಪೆಯ ಮೇಲೆ ಬೀಳುತ್ತಾರೆ.

ನರ್ಸ್ ಯೋಗೀಶ್ ಮಾತ್ರ ಕೀ ಮುಷ್ಟಿಯಲ್ಲಿ ಹಿಡಿದು ನಿಂತಿದ್ದಾನೆ.

"ಇವತ್ತು ಬಿಡಿ ಆನ್ಸಿಲ್ಲಕ್ಕ. ತಂಗಿಯನ್ನು ನೋಡಲಿಕ್ಕೆ ಜನ ಬರುವುದುಂಟು. ದೇವರಾಣೆ ನಿದ್ದೆ ಇಲ್ಲ."

"ನಿದ್ದೆ ಇಲ್ಲವಾ? ಹಾಗಾದರೆ ನಿನ್ನದೇ ಮೊದಲು ಕೊಡು ಮಾರಾಯ. ನಿದ್ದೆ ಉಂಟು ಅಂತ ಹೇಳುವವರ ಹೆದರಿಕೆ ನನಗಿಲ್ಲ."

ಯೋಗೀಶ್ ಕೀ ಕೊಡುತ್ತಾನೆ. ತಂಗಿಯನ್ನು ನೋಡಲು ಬರುವವರು ಒಂದು ಗಂಟೆ ಕಾಯಬೇಕು.

ಆನ್ಸಿಲ್ಲಾ ಈ ಆಸ್ಪತ್ರೆಯ ಕ್ಯಾಶುವಲ್ಟಿಯಲ್ಲಿ, ಅಂದರೆ ತುರ್ತು ಚಿಕಿತ್ಸಾ ವಿಭಾಗದಲ್ಲಿ, ಆಯಾ. ಸ್ಟ್ರೆಚರ್ ತಳ್ಳುವುದು, ನೆಲದ ರಕ್ತ ಒರೆಸುವುದು, ಗಾಯಾಳುವಿನ ಬಟ್ಟೆ ಕತ್ತರಿಸಿ ತೆಗೆಯುವುದು, ಪ್ರಜ್ಞೆ ಇಲ್ಲದವರ ಜೇಬು ತಡಕಿ ಹೆಸರು ಕೂಗಿ ಹೇಳುವುದು ಅವರ ಕೆಲಸ. ಸರ್ವಿಸಿನ ಹೆಚ್ಚಿನ ಪಾಲು ರಾತ್ರಿಪಾಳಿಯಲ್ಲೇ ಕಳೆದಿದೆ. ಕೀ ಇಸಿದುಕೊಳ್ಳುವ ಕೆಲಸವನ್ನು ಅವರಿಗೆ ಯಾರೂ ವಹಿಸಿಲ್ಲ. ಪಾಳಿ ಮುಗಿದ ಮೇಲೂ ಒಂದೂವರೆ ಗಂಟೆ ನಿಂತು, ಮಲಗಿದವರನ್ನೆಲ್ಲ ಎಬ್ಬಿಸಿ, ಚಹಾ ಕುಡಿಸಿ, ಕೀ ವಾಪಸು ಕೊಟ್ಟ ಮೇಲೆಯೇ ಅವರು ಉದ್ಯಾವರದ ಬಸ್ಸು ಹಿಡಿಯುತ್ತಾರೆ.

ಬಸ್ಸಿನಲ್ಲಿ ಕೂತ ಕೂಡಲೇ ಅವರ ತಲೆ ಕಿಟಕಿಗೆ ಒರಗುತ್ತದೆ. ಉದ್ಯಾವರ ದಾಟಿ, ಕಟಪಾಡಿ ದಾಟಿ, ಕಾಪುವಿನಲ್ಲಿ ಕಣ್ಣು ಬಿಟ್ಟದ್ದೂ ಉಂಟು. ಈಗ ಕಂಡಕ್ಟರ್ ಹೂವಪ್ಪ ಸೇತುವೆ ಬರುವಾಗಲೇ, ಈ ಕಡೆ ಕ್ರೈಸ್ತ ಹೆಂಗಸರನ್ನು ಕರೆಯುವ ಹಾಗೆ, "ಬಾಯಮ್ಮ, ನಿಮ್ಮ ಸ್ಟಾಪ್" ಎಂದು ಸೀಟಿನ ಕಂಬಿಗೆ ನಾಣ್ಯದಿಂದ ಬಡಿಯುತ್ತಾನೆ.

ಮನೆಯಲ್ಲಿ ಗಂಡ ಫೌಸ್ಟಿನ್ ಇದ್ದಾರೆ. ಬಹಳ ವರ್ಷ ಮಸ್ಕತ್ತಿನ ಹೋಟೆಲೊಂದರ ಅಡುಗೆಮನೆಯಲ್ಲಿ ದುಡಿದು ಬಂದವರು. ಈಗ ಅವರ ಮುಖ್ಯ ಉದ್ಯೋಗ ಹೆಂಡತಿಯ ಹಗಲು ನಿದ್ದೆ ಕಾಯುವುದು. ಮಧ್ಯಾಹ್ನದವರೆಗೆ ಆ ಮನೆಯಲ್ಲಿ ಕುಕ್ಕರ್ ಕೂಗುವ ಹಾಗಿಲ್ಲ, ಮಿಕ್ಸಿ ತಿರುಗುವ ಹಾಗಿಲ್ಲ. ಮೀನಿನ ಸ್ಕೂಟರಿನವ ಹಾರ್ನ್ ಹೊಡೆಯುವ ಮೊದಲೇ ಅವರು ಗೇಟಿನ ಬಳಿ ಹೋಗಿ ನಿಂತಿರುತ್ತಾರೆ. "ಮೊದಲು ನಾನು ಗಲ್ಫಿನಲ್ಲಿ, ಇವಳು ಇಲ್ಲಿ. ಈಗ ಇವಳು ರಾತ್ರಿ, ನಾನು ಹಗಲು. ಮದುವೆಯಾಗಿ ಇಷ್ಟು ವರ್ಷ ಆಯಿತು, ಸರಿಯಾಗಿ ಒಂದು ಜಗಳ ಮಾಡಲಿಕ್ಕೆ ನಮಗೆ ಸಮಯ ಸಿಕ್ಕಿಲ್ಲ" ಎಂದು ನಗುತ್ತಾರೆ.

ಆನ್ಸಿಲ್ಲಾಗೆ ಹಗಲಿನ ನಿದ್ದೆ ಎಂದೂ ಹೊಟ್ಟೆ ತುಂಬ ಬಂದದ್ದಿಲ್ಲ. ಎದೆಯುರಿ ಇದೆ. ವಾರ ಯಾವುದೆಂದು ಮರೆಯುತ್ತದೆ. ಮಗಳು ಮೆಲಿಷಾಳ ಮದುವೆಯ ಹಿಂದಿನ ದಿನ, ರೋಸ್ ಶಾಸ್ತ್ರಕ್ಕೆ ನೆಂಟರೆಲ್ಲ ಮಗಳ ತಲೆಗೆ ತೆಂಗಿನ ಹಾಲು ಹಚ್ಚುತ್ತಿದ್ದಾಗ ತಾಯಿ ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದರು. ಆ ಫೋಟೊ ಈಗಲೂ ಮನೆಯಲ್ಲಿ ಉಂಟು. "ಎಲ್ಲರೂ ಹಾಡುತ್ತಾ ಇದ್ದಾರೆ, ನನ್ನ ಬಾಯಿ ತೆರೆದಿದೆ. ನೋಡಿದವರು ನಾನೂ ಹಾಡುತ್ತಿದ್ದೆ ಅಂತ ತಿಳಿಯುತ್ತಾರೆ" ಎನ್ನುತ್ತಾರೆ.

ರಾತ್ರಿ ದುಡಿಯುವವರು ಇದನ್ನೆಲ್ಲ ನಕ್ಕುಬಿಡಲು ಕಲಿತಿರುತ್ತಾರೆ. ಒಬ್ಬರು ಮುಖಕ್ಕೆ ನೀರು ಹಾಕಿಕೊಳ್ಳುತ್ತಾರೆ, ಒಬ್ಬರು ಚಹಾದ ಮೇಲೆ ಚಹಾ ಕುಡಿಯುತ್ತಾರೆ, ಇನ್ನೊಬ್ಬರು ಸುಮ್ಮನೆ ಕಾರಿಡಾರಿನಲ್ಲಿ ನಡೆಯುತ್ತಾರೆ. ರೋಗಿ ಬಂದರೆ ನಿದ್ದೆ ತಾನಾಗಿ ಓಡುತ್ತದೆ. ಓಡಿದ ನಿದ್ದೆ ಎಲ್ಲಿ ಹೋಗಿ ಕಾದು ಕೂತಿರುತ್ತದೆ ಎಂಬುದು ಆನ್ಸಿಲ್ಲಾಗೆ ಗೊತ್ತಾದದ್ದು ಮೂರು ವರ್ಷದ ಹಿಂದೆ.

ಆಗ ಕ್ಯಾಶುವಲ್ಟಿಯಲ್ಲಿ ಸುಕೇಶ್ ಎಂಬ ನರ್ಸ್ ಇದ್ದ. ಎರ್ಮಾಳಿನ ಮೀನುಗಾರರ ಮನೆಯ ಹುಡುಗ. ಆಸ್ಪತ್ರೆಯಲ್ಲಿ ಎಲ್ಲರಿಗೂ ಸುಕೇಶ್ ಬ್ರದರ್. ಎಂಥ ಅಳುವ ಮಗುವಿಗೂ ನಗಿಸಿಯೇ ಸೂಜಿ ಚುಚ್ಚುತ್ತಿದ್ದ. ಅವನ ತಾಯಿ ಮನೋರಮಾ ಕಾಪುವಿನ ಮಾರುಕಟ್ಟೆಯಲ್ಲಿ ಮೀನು ಮಾರಿ ಓದಿಸಿದ್ದರು.

ಆ ರಾತ್ರಿ ಮದುವೆ ದಿಬ್ಬಣದ ಟೆಂಪೊ ಮಗುಚಿ ಕ್ಯಾಶುವಲ್ಟಿ ತುಂಬಿಹೋಗಿತ್ತು. ಯಾರೂ ಕೂತಿರಲಿಲ್ಲ. ಬೆಳಿಗ್ಗೆ ಎಲ್ಲ ಒಂದು ಹದಕ್ಕೆ ಬಂದ ಮೇಲೆ ಸುಕೇಶ್ ಬಾಗಿಲ ಬಳಿಯ ಖಾಲಿ ಮಂಚಕ್ಕೆ ಹೊಸ ಬೆಡ್‌ಶೀಟ್ ಹಾಸಿ, ಮೂಲೆಗಳನ್ನು ಬಿಗಿಯಾಗಿ ಮಡಚಿ, ಕೈ ತೊಳೆದು ಹೊರಟ.

"ಬಾಯಮ್ಮ, ಇವತ್ತು ಅಮ್ಮ ಬೂತಾಯಿ ಮೀನಿನ ಸಾರು ಮಾಡಿ ಇಟ್ಟಿದ್ದಾರೆ. ಉಂಡು ಮಲಗಿದರೆ ಇನ್ನು ನಾಳೆಯೇ ಏಳುವುದು."

"ಹೋಗು, ಹೋಗು. ನಿದ್ದೆ ಬರುವುದಿಲ್ಲವಾ ಗಾಡಿ ಬಿಡುವಾಗ?"

"ಎಂತ ನಿದ್ದೆ? ನನ್ನನ್ನು ನೋಡಿದರೆ ಹಾಗೆ ಕಾಣುತ್ತದಾ?"

ಕಾಣುತ್ತಿರಲಿಲ್ಲ. ಆನ್ಸಿಲ್ಲಾ ಇವತ್ತಿಗೂ ಅದನ್ನೇ ಹೇಳುತ್ತಾರೆ. "ಒಂದು ಆಕಳಿಕೆ ಇಲ್ಲ, ಕಣ್ಣು ಕೆಂಪಿಲ್ಲ. ನನಗಿಂತ ಚುರುಕಾಗಿ ನಡೆದುಕೊಂಡು ಹೋದ."

ಆನ್ಸಿಲ್ಲಾರ ಬದಲಿಗೆ ಬರಬೇಕಾದ ಆಯಾ ಅವತ್ತು ತಡ ಮಾಡಿದ್ದಳು. ಹಾಗಾಗಿ ಅವರು ಇನ್ನೂ ಒಳಗೇ ಇದ್ದರು. ಸೈರನ್ ಕೇಳಿತು. ಆಸ್ಪತ್ರೆಯದೇ ಆಂಬುಲೆನ್ಸ್. ಚಾಲಕ ಭೋಜ ಕಾಪುವಿಗೆ ಒಬ್ಬ ರೋಗಿಯನ್ನು ಬಿಟ್ಟು ವಾಪಸು ಬರುವಾಗ ಕಟಪಾಡಿಯ ಹತ್ತಿರ ಜನ ಸೇರಿದ್ದು ಕಂಡು ನಿಲ್ಲಿಸಿದ್ದ. ನಿಂತಿದ್ದ ಲಾರಿಯ ಹಿಂಬದಿಗೆ ಬೈಕೊಂದು ನೇರ ನುಗ್ಗಿತ್ತು. ರಸ್ತೆಯಲ್ಲಿ ಬ್ರೇಕ್ ಹಾಕಿದ ಗುರುತೇ ಇರಲಿಲ್ಲವಂತೆ. ಹೆಲ್ಮೆಟ್ ಒಡೆದಿತ್ತು. ಮುಖ ಯಾರದೆಂದು ತಿಳಿಯುವ ಹಾಗಿರಲಿಲ್ಲ. ಭೋಜ ಜನರ ಸಹಾಯದಿಂದ ಎತ್ತಿ ಹಾಕಿಕೊಂಡು ಬಂದಿದ್ದ.

ಆನ್ಸಿಲ್ಲಾ ಸ್ಟ್ರೆಚರ್ ಎಳೆದುಕೊಂಡು ಓಡಿದರು. ಬಾಗಿಲ ಬಳಿಯ ಮಂಚಕ್ಕೆ ಗಾಯಾಳುವನ್ನು ಸರಿಸಿದರು. ಕತ್ತರಿ ತೆಗೆದು ಜಾಕೆಟ್ ಸೀಳಿದರು. ಒಳಗೆ ಕುತ್ತಿಗೆಗೆ ಒಂದು ಟ್ಯಾಗ್ ನೇತಾಡುತ್ತಿತ್ತು. ರೂಢಿಯ ಕೈ ಅದನ್ನು ತಿರುಗಿಸಿತು, ರೂಢಿಯ ಬಾಯಿ ಗಟ್ಟಿಯಾಗಿ ಓದಿತು.

"ಸುಕೇಶ್. ಸ್ಟಾಫ್ ನರ್ಸ್. ಕ್ಯಾಶುವಲ್ಟಿ."

ಕೌಂಟರಿನ ಹುಡುಗಿ ತಲೆ ಎತ್ತದೆ ಕೇಳಿದಳು, "ಊರು?"

"ಎರ್ಮಾಳ್" ಎಂದರು ಆನ್ಸಿಲ್ಲಾ.

ಟ್ಯಾಗಿನಲ್ಲಿ ಊರಿನ ಹೆಸರು ಇರಲಿಲ್ಲ.

"ಎರ್ಮಾಳ್ ಅಂತ ನನ್ನ ಬಾಯಿಂದ ಬಂದ ಮೇಲೆ ನನಗೆ ಗೊತ್ತಾದದ್ದು" ಎಂದು ಅವರು ಹೇಳುವಾಗ ಕೈ ಗಾಳಿಯಲ್ಲಿ ಏನನ್ನೋ ತಿರುಗಿಸುತ್ತದೆ. "ಕೈಯಲ್ಲಿದ್ದ ಕತ್ತರಿ ಬಿತ್ತು. ಅಷ್ಟು ಹೆಣ ನೋಡಿದವರು ನಾವು, ಒಬ್ಬರಿಗೂ ಕಾಲು ಏಳುವುದಿಲ್ಲ. ಅವನೇ ಹಾಸಿದ ಬೆಡ್‌ಶೀಟ್. ಅದರ ಮೇಲೆಯೇ ಅವನನ್ನು ಮಲಗಿಸಿದ್ದೇವೆ."

ಮೊದಲು ಎಚ್ಚೆತ್ತದ್ದು ಡಾಕ್ಟರ್ ತನ್ವಿ. ಅವರೂ ರಾತ್ರಿಯಿಡೀ ನಿಂತವರೇ. "ನೋಡ್ತಾ ನಿಲ್ಲಬೇಡಿ, ಕೆಲಸ ಮಾಡಿ" ಎಂದು ಕಿರುಚಿದರು. ಆ ದನಿ ಅವರದೆಂದು ಯಾರಿಗೂ ಅನ್ನಿಸಲಿಲ್ಲ. ಆಮೇಲೆ ಎಲ್ಲ ಕೈಗಳೂ ಒಟ್ಟಿಗೆ ಓಡಿದವು. ಭೋಜ ಮಾತ್ರ ಬಾಗಿಲಲ್ಲಿ ನಿಂತು, "ನಮ್ಮ ಸುಕೇಶನಾ? ನಾನು ತಂದದ್ದು ನಮ್ಮ ಸುಕೇಶನನ್ನಾ?" ಎಂದು ಬಂದವರನ್ನೆಲ್ಲ ಕೇಳುತ್ತಿದ್ದ.

ಮನೆಗೆ ತಿಳಿಸಬೇಕಿತ್ತು. ಫೋನ್ ಹಿಡಿಯಲು ಯಾರೂ ಮುಂದಾಗಲಿಲ್ಲ. ಆನ್ಸಿಲ್ಲಾ ಮಾಡಿದರು. ಮನೋರಮಾ ಮಾರುಕಟ್ಟೆಯಲ್ಲಿದ್ದರು. ಆಚೆ ಕಡೆ ಚೌಕಾಶಿಯ ಗದ್ದಲ ಕೇಳುತ್ತಿತ್ತು.

"ಅಕ್ಕ, ಸುಕೇಶ್ ಕ್ಯಾಶುವಲ್ಟಿಯಲ್ಲಿದ್ದಾನೆ" ಎಂದರು, ತುಳುವಿನಲ್ಲಿ.

"ಹೌದು, ಅವನು ಅಲ್ಲಿಯೇ ಅಲ್ವಾ ಇರುವುದು? ಇನ್ನೂ ಬಿಟ್ಟಿಲ್ಲವಾ ಅವನನ್ನು? ಉಂಡಿದ್ದಾನಾ?"

ಆನ್ಸಿಲ್ಲಾ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡರು. "ಬೇಗ ಕಳುಹಿಸಿ, ಸಾರು ತಣ್ಣಗಾಗುತ್ತದೆ" ಎಂದರು ಆಚೆಯಿಂದ. ಕೊನೆಗೆ ಡಾಕ್ಟರ್ ತನ್ವಿ ಫೋನ್ ತೆಗೆದುಕೊಂಡು, ಇರುವುದನ್ನು ಇರುವ ಹಾಗೆ ಹೇಳಿದರು.

ತಲೆಯ ಶಸ್ತ್ರಚಿಕಿತ್ಸೆಗೆಂದು ಮಣಿಪಾಲಕ್ಕೆ ಸಾಗಿಸಿದರು. ಸುಕೇಶ್ ಕಣ್ಣು ಬಿಡಲೇ ಇಲ್ಲ. ಮರುದಿನ ಹೋದ.

ಅವನು ತೀರಿಹೋದ ಸಂಜೆಯೂ ಆನ್ಸಿಲ್ಲಾ ಡ್ಯೂಟಿಗೆ ಬಂದರು. ರಜೆ ಕೇಳಲಿಲ್ಲವೇ ಎಂದರೆ ಅವರಿಗೆ ಪ್ರಶ್ನೆಯೇ ವಿಚಿತ್ರ ಅನ್ನಿಸುತ್ತದೆ. "ಅವನ ಡ್ಯೂಟಿಯೂ ಖಾಲಿ, ನನ್ನದೂ ಖಾಲಿ ಮಾಡುವುದಾ? ಬರುವ ರೋಗಿಗೆ ಎಂತ ಗೊತ್ತು?"

ಸಂತಾಪ ಸಭೆ ಆಯಿತು. ಫೋಟೊಕ್ಕೆ ಹೂವು ಹಾಕಿದರು. ನಾಲ್ಕು ದಿನ ಎಲ್ಲರೂ ಬೈಕನ್ನು ಮೆಲ್ಲ ಬಿಟ್ಟರು. ಆಮೇಲೆ ಎಲ್ಲ ಮೊದಲಿನ ಹಾಗೇ. ಆನ್ಸಿಲ್ಲಾಗೆ ಸುಕೇಶನ ಸಾವಿನಷ್ಟೇ ಗಾಬರಿ ಹುಟ್ಟಿಸಿದ್ದು ಇದು. ಒಂದು ಬೆಳಿಗ್ಗೆ ಶೆಡ್ಡಿನ ಪಕ್ಕ ಹೋಗುವಾಗ ಅವರು ಭೋಜನನ್ನು ಕಂಡರು. ಭೋಜ ಮನೆಗೆ ಹೋಗಬೇಕಾದದ್ದು ಕಾರ್ಕಳಕ್ಕೆ. ಬೈಕಿನ ಮೇಲೆ ಕೂತು ಕೀಯನ್ನು ಅದರ ತೂತಿಗೆ ಹಾಕಲು ನೋಡುತ್ತಿದ್ದ. ಅದು ಆಚೆ ಈಚೆ ತಾಗುತ್ತಿತ್ತೇ ಹೊರತು ಒಳಗೆ ಹೋಗುತ್ತಿರಲಿಲ್ಲ. ಸುಕೇಶನನ್ನು ರಸ್ತೆಯಿಂದ ಎತ್ತಿ ತಂದವನು ಅವನೇ!

ಆನ್ಸಿಲ್ಲಾ ಹೋಗಿ ಕೀ ಕಿತ್ತುಕೊಂಡರು.

ಭೋಜನಿಗೆ ಸಿಟ್ಟು ನೆತ್ತಿಗೇರಿತು. "ಗಾಡಿ ಬಿಡಲಿಕ್ಕೆ ನೀವು ನನಗೆ ಕಲಿಸುವುದಾ ಬಾಯಿ? ಆಂಬುಲೆನ್ಸ್ ಓಡಿಸುವವ ನಾನು. ನನಗೆ ನಿದ್ದೆ ಬರುವುದಿಲ್ಲ."

"ಬೈಯಿರಿ ಭೋಜಣ್ಣ. ಆ ಬೆಂಚಿನಲ್ಲಿ ಕೂತು ಎಷ್ಟು ಬೇಕಾದರೂ ಬೈಯಿರಿ. ಬೈದು ಮುಗಿದ ಮೇಲೆ ಕೊಡುತ್ತೇನೆ."

ಭೋಜ ಬೆಂಚಿನಲ್ಲಿ ಕೂತು ಬೈದ. ಮ್ಯಾನೇಜರಿಗೆ ಹೇಳುತ್ತೇನೆ ಎಂದ. ನಿಮ್ಮ ಕೆಲಸ ಹೋಗುತ್ತದೆ ಎಂದ. ಮೂರನೇ ಮಾತು ಅರ್ಧದಲ್ಲಿ ನಿಂತಿತು. ಗದ್ದ ಎದೆಗೆ ಬಿದ್ದಿತ್ತು.

ಎದ್ದದ್ದು ಬಿಸಿಲು ಕಾಲು ಸುಟ್ಟಾಗ. ಎದುರು ಕಟ್ಟೆಯ ಮೇಲೆ ಆನ್ಸಿಲ್ಲಾ ಇನ್ನೂ ಕೂತಿದ್ದರು. "ನಾನು ಎಲ್ಲಿದ್ದೇನೆ ಅಂತ ಗೊತ್ತಾಗಲಿಲ್ಲ" ಎಂದು ಭೋಜ ಈಗ ನೆನೆಯುತ್ತಾನೆ. "ಬೈಯುತ್ತಾ ಇದ್ದವ ನಾನು! ಈ ನಿದ್ದೆ ಬೆಂಚಿನಲ್ಲಿ ಬರುವ ಬದಲು ದಾರಿಯಲ್ಲಿ ಬಂದಿದ್ದರೆ? ಬೈಕ್ ಬಿಟ್ಟು ಬಸ್ಸಿಗೆ ಹೋದೆ ಅವತ್ತು."

ಮರುದಿನ ಇಬ್ಬರೂ ನರ್ಸಿಂಗ್ ಸೂಪರಿಂಟೆಂಡೆಂಟ್ ಸಿಸ್ಟರ್ ಜೋನ್ ಅವರ ಬಾಗಿಲಿಗೆ ಹೋದರು. ಕ್ಯಾಶುವಲ್ಟಿಯ ಹಿಂದೆ ಮುರಿದ ಗಾಲಿಕುರ್ಚಿ ತುಂಬಿಟ್ಟ ಕೋಣೆಯೊಂದು ಇತ್ತು. ಅದನ್ನು ಕೇಳಿದರು. ಸಿಸ್ಟರ್ ಜೋನ್ ಮೊದಲು ಜಾಗವಿಲ್ಲ ಎಂದರು. ಆಮೇಲೆ ಭೋಜನ ಮುಖವನ್ನು ನೋಡಿದರು. ಆ ವಾರದಲ್ಲೇ ಗಾಲಿಕುರ್ಚಿಗಳು ಹೊರಬಿದ್ದವು. ಭೋಜ ಕಿಟಕಿಗೆ ದಪ್ಪ ಪರದೆ ಕಟ್ಟಿದ. ಆನ್ಸಿಲ್ಲಾ ಮನೆಯಿಂದ ಚಾಪೆ ತಂದರು.

ಎಲ್ಲರೂ ಸುಲಭವಾಗಿ ಒಪ್ಪಲಿಲ್ಲ. "ಆಯಾ ಬಂದು ಕೀ ಕೇಳುವುದಂತೆ" ಎಂದು ಮೂತಿ ತಿರುವಿದವರಿದ್ದರು. ಇನ್ನೊಂದು ಕೀ ಬಚ್ಚಿಟ್ಟುಕೊಂಡು ಬಂದವರಿದ್ದರು. ಆನ್ಸಿಲ್ಲಾ ವಾದ ಮಾಡುವುದಿಲ್ಲ, ಅಂಗೈಯನ್ನೂ ಹಿಂತೆಗೆಯುವುದಿಲ್ಲ. ಈಗ ದಿನಕ್ಕೆ ಹತ್ತು ಹನ್ನೆರಡು ಕೀ ಬೀಳುತ್ತವೆ. ಡಾಕ್ಟರ್ ತನ್ವಿಯದೂ ಅದರಲ್ಲಿ ಉಂಟು. ಇಷ್ಟಾದರೂ ಬೆಳಗಿನ ಹೊತ್ತು ಆಂಬುಲೆನ್ಸ್ ಬಂದರೆ ಆನ್ಸಿಲ್ಲಾ ಬಾಗಿಲಿಗೆ ಹೋಗುವ ಮೊದಲು ಒಂದು ಕ್ಷಣ ಗೋಡೆ ಹಿಡಿಯುತ್ತಾರೆ. "ಈಗಲೂ ಟ್ಯಾಗ್ ತಿರುಗಿಸಲಿಕ್ಕೆ ಕೈ ಬರುವುದಿಲ್ಲ. ಬೇರೆಯವರಿಗೆ ಹೇಳುತ್ತೇನೆ."

ಮನೋರಮಾರ ಎದುರು ಹೋಗುವ ಧೈರ್ಯ ಬಹಳ ಕಾಲ ಅವರಿಗೆ ಬರಲಿಲ್ಲ. ಉತ್ತರಕ್ರಿಯೆಯ ದಿನ ಎರ್ಮಾಳಿಗೆ ಹೋಗಿದ್ದಾಗಲೂ ಹಿಂದೆ ನಿಂತು ವಾಪಸು ಬಂದಿದ್ದರು. ಈ ಮಳೆಗಾಲ ಕಳೆದ ಮೇಲೆ ಒಂದು ರಜೆಯ ದಿನ ಆನ್ಸಿಲ್ಲಾ ಕಾಪುವಿನ ಮಾರುಕಟ್ಟೆಗೆ ಹೋದರು. ಮನೋರಮಾ ಗುರುತು ಹಿಡಿದರು. ಬುಟ್ಟಿ ಸರಿಸಿ ಪಕ್ಕದಲ್ಲಿ ಕೂರಲು ಜಾಗ ಮಾಡಿದರು. ಗಿರಾಕಿ ಕಡಿಮೆಯಾದ ಮೇಲೆ ಕೇಳಿದರು.

"ನಿಜ ಹೇಳಬೇಕು ಬಾಯಿ. ಅವನು ನನ್ನನ್ನು ಕರೆದನಾ?"

"ಇಲ್ಲ ಅಕ್ಕ. ಅವನು ನಿದ್ದೆಯಲ್ಲಿದ್ದ. ಏಳಲೇ ಇಲ್ಲ."

ಮನೋರಮಾ ಮೀನಿನ ಮೇಲೆ ನೀರು ಚಿಮುಕಿಸಿದರು. ಮತ್ತೆ ಚಿಮುಕಿಸಿದರು. "ಹಾಗಾದರೆ ಹೆದರಿರಲಿಕ್ಕಿಲ್ಲ" ಎಂದರು. ಬುಟ್ಟಿಯ ಮೀನನ್ನು ಸರಿಮಾಡಿ ಮತ್ತೆ, "ಅಲ್ಲಿ ಮಕ್ಕಳನ್ನು ಮಲಗಿಸುತ್ತೀರಂತೆ. ಭೋಜ ಹೇಳಿದ. ಎಬ್ಬಿಸುವುದು ಯಾರು?"

"ನಾನೇ."

"ಮೆಲ್ಲ ಎಬ್ಬಿಸಿ. ಜೋರು ಮಾಡಿ ಎಬ್ಬಿಸಿದರೆ ಅವನಿಗೆ ಇಡೀ ದಿನ ತಲೆನೋವು."

ಅದುವರೆಗೆ ಆನ್ಸಿಲ್ಲಾ ಕೋಣೆಯ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿ ಎಬ್ಬಿಸುತ್ತಿದ್ದರು. ಈಗ ಚಪ್ಪಲಿ ಹೊರಗೆ ಬಿಟ್ಟು, ಕತ್ತಲೆ ಕೋಣೆಯೊಳಗೆ ಒಬ್ಬೊಬ್ಬರ ಬಳಿಗೂ ಹೋಗಿ ಕೂತು, ಪಾದದ ಮೇಲೆ ಕೈ ಇಡುತ್ತಾರೆ. ಒಬ್ಬಳು ಮಗ್ಗುಲಾಗುತ್ತಾಳೆ. ಒಬ್ಬ ಗೊಣಗುತ್ತಾನೆ. ಯೋಗೀಶ್ ಗಾಬರಿಯಿಂದ ಎದ್ದು ಕೂತು, ತಂಗಿಯನ್ನು ನೋಡುವವರು ಬಂದರೋ ಎಂದು ಅವರನ್ನೇ ಕೇಳುತ್ತಾನೆ.

ಇಷ್ಟೆಲ್ಲ ಮಾಡಿ ನಿಮಗೆ ಸಿಗುವುದೇನು ಎಂದರೆ ಆನ್ಸಿಲ್ಲಾ ಚಹಾದ ಲೋಟಗಳನ್ನು ಒಂದೊಂದಾಗಿ ಜೋಡಿಸುತ್ತಾರೆ.

"ಎಬ್ಬಿಸಿದರೆ ಏಳುತ್ತಾರಲ್ಲ" ಎನ್ನುತ್ತಾರೆ. "ನನಗೆ ಅದೇ ದೊಡ್ಡದು."